ಹಳೆಯ ಗಾಲ್ಫ್ ಗಾಡಿ ಏರಿನಲ್ಲಿ ಸೊರಗಿದರೆ ಎಲ್ಲೆಲ್ಲಿ ನೋಡಬೇಕು

ಮೈಸೂರು ಮೃಗಾಲಯದಲ್ಲಿ ನಡೆಯಲಾಗದವರನ್ನು ಕೂರಿಸಿಕೊಂಡು ಸದ್ದಿಲ್ಲದೆ ಸಾಗುವ ಬ್ಯಾಟರಿ ಗಾಡಿಗಳನ್ನು ಬಹಳ ಜನ ನೋಡಿರುತ್ತೀರಿ. ಅದೇ ಜಾತಿಯ ಗಾಡಿಗಳು ಈಗ ಕಾಲೇಜು ಕ್ಯಾಂಪಸ್ಸು, ರೆಸಾರ್ಟು, ಕಲ್ಯಾಣ ಮಂಟಪಗಳಲ್ಲಿವೆ. ಶ್ರೀರಂಗಪಟ್ಟಣ, ಪಾಂಡವಪುರದ ಕಡೆ ತೆಂಗಿನ ತೋಟ ಸುತ್ತುವುದಕ್ಕೂ ಒಬ್ಬೊಬ್ಬರು ಇಟ್ಟುಕೊಂಡಿದ್ದಾರೆ. ಇವುಗಳಲ್ಲಿ ಹೆಚ್ಚಿನವು ಎರಡನೇ ಕೈ, ಮೂರನೇ ಕೈ ಗಾಡಿಗಳು. ಕೈಪಿಡಿ ಇರುವುದಿಲ್ಲ, ವೈರಿಂಗ್ ನಕ್ಷೆ ಇರುವುದಿಲ್ಲ, ನಡುವೆ ಯಾರು ಯಾರೋ ಬಿಚ್ಚಿ ಜೋಡಿಸಿರುತ್ತಾರೆ. ದೂರು ಮಾತ್ರ ಹೆಚ್ಚುಕಡಿಮೆ ಒಂದೇ: "ಸಮ ರಸ್ತೇಲಿ ಹೋಯ್ತದೆ ಕಣಣ್ಣ, ಏರು ಬಂದ್ರೆ ಉಸುರೇ ಇಲ್ಲ."

ಈ ದೂರು ನನ್ನ ಹತ್ತಿರ ಬರುವ ಹೊತ್ತಿಗೆ ಎಷ್ಟೋ ಸಲ ಕಂಟ್ರೋಲರ್, ಅಂದರೆ ಪೆಡಲ್ ಒತ್ತಿದಷ್ಟಕ್ಕೆ ತಕ್ಕ ಹಾಗೆ ಮೋಟರಿಗೆ ಕರೆಂಟು ಬಿಡುವ ಪೆಟ್ಟಿಗೆ, ಬದಲಾಗಿರುತ್ತದೆ. ಗಾಡಿಯಲ್ಲಿ ಬ್ಯಾಟರಿ ಸೆಟ್ಟಿನ ನಂತರದ ದುಬಾರಿ ಭಾಗಗಳಲ್ಲಿ ಅದೂ ಒಂದು. ಹಾಗಿದ್ದೂ ಅದನ್ನೇ ಮೊದಲು ಬದಲಿಸುವುದಕ್ಕೆ ಕಾರಣವಿದೆ. ಗಾಡಿ ನಿಂತಿರುವಾಗ ಮಲ್ಟಿಮೀಟರ್ ಇಟ್ಟು ನೋಡುತ್ತಾರೆ. 50 ವೋಲ್ಟ್ ತೋರಿಸುತ್ತದೆ. "ಬ್ಯಾಟರಿ ಚೆನ್ನಾಗಿದೆ, ಹಾಗಾದರೆ ಕಂಟ್ರೋಲರೇ" ಎಂದು ತೀರ್ಮಾನವಾಗುತ್ತದೆ. ಇಡೀ ದಾರಿ ತಪ್ಪುವುದು ಇಲ್ಲೇ. ಶಕ್ತಿ ಕುಂದುವ ದೋಷ ನಿಂತ ಗಾಡಿಯಲ್ಲಿ ಕಾಣುವುದೇ ಇಲ್ಲ. ಲೋಡ್ ಬಿದ್ದಾಗ ಮಾತ್ರ ಅದು ಮುಖ ತೋರಿಸುತ್ತದೆ. ಬ್ಯಾಟರಿಯಿರಲಿ, ಕೇಬಲ್ಲಿರಲಿ, ಬ್ಯಾಟರಿಯ ಕರೆಂಟನ್ನು ಕಂಟ್ರೋಲರಿಗೆ ಕೂಡಿಸುವ ದೊಡ್ಡ ಸ್ವಿಚ್ಚಾದ ಸೊಲೆನಾಯ್ಡ್ ಇರಲಿ, ಅಳೆಯುವುದಾದರೆ ಗಾಡಿ ಏರು ಹತ್ತುತ್ತಿರುವಾಗ ಅಳೆಯಿರಿ.

ನಾನಿಲ್ಲಿ ಹೇಳುತ್ತಿರುವುದು ನೀರು ತುಂಬುವ ಲೆಡ್ ಆಸಿಡ್ ಬ್ಯಾಟರಿಯ, 36 ಅಥವಾ 48 ವೋಲ್ಟಿನ, ಡಿಸಿ ಸೀರೀಸ್ ಮೋಟರ್ (ಒಳಗಿನ ಎರಡೂ ಸುರುಳಿಗಳಲ್ಲಿ ಒಂದೇ ಕರೆಂಟು ಸಾಗುವ ಮೋಟರ್) ಇರುವ ಹಳೆಯ ಗಾಡಿಗಳ ಬಗ್ಗೆ. ಸೀಟು ಎತ್ತಿ ಬ್ಯಾಟರಿಗಳನ್ನು ಎಣಿಸಿದರೆ ಯಾವುದೆಂದು ಗೊತ್ತಾಗುತ್ತದೆ. ಆರು ವೋಲ್ಟಿನವು ಆರು ಇದ್ದರೆ 36. ಆರು ವೋಲ್ಟಿನವು ಎಂಟು, ಅಥವಾ ಎಂಟು ವೋಲ್ಟಿನವು ಆರು ಇದ್ದರೆ 48. ಒಂದು ಬ್ಯಾಟರಿ ಎಷ್ಟು ವೋಲ್ಟಿನದು ಎಂದು ತಿಳಿಯಲು ಅದರ ಮೇಲಿನ ನೀರಿನ ಮುಚ್ಚಳ ಎಣಿಸಿ. ಒಂದು ಮುಚ್ಚಳಕ್ಕೆ ಒಂದು ಸೆಲ್, ಒಂದು ಸೆಲ್ಲಿಗೆ ಎರಡು ವೋಲ್ಟ್. 2001ರಲ್ಲಿ ಬೆಂಗಳೂರಿನಿಂದ ಬಂದ ರೇವಾ ಕಾರಿನಲ್ಲೂ ಆರು ವೋಲ್ಟಿನ ಎಂಟು ಬ್ಯಾಟರಿಗಳ 48 ವೋಲ್ಟ್ ಸೆಟ್ಟೇ ಇತ್ತು. ಆ ಕಾರಿನ ಮೇಲೆ ಕೈಯಾಡಿಸಿದ ಮೆಕ್ಯಾನಿಕ್ ಸಿಕ್ಕರೆ ಬಿಡಬೇಡಿ, ಅವರಿಗೆ ಈ ಗಾಡಿಯ ಅರ್ಧ ವಿಷಯ ಆಗಲೇ ಗೊತ್ತಿರುತ್ತದೆ.

ಕೈ ಹಾಕುವ ಮೊದಲು

48 ವೋಲ್ಟ್ ಮುಟ್ಟಿದರೆ ಶಾಕ್ ಹೊಡೆಯುವುದು ಕಡಿಮೆ ಎಂಬ ಧೈರ್ಯ ಬೇಡ. ಇಲ್ಲಿ ಭಯ ಪಡಬೇಕಾದ್ದು ಕರೆಂಟಿಗೆ. ಸ್ಪ್ಯಾನರ್ ಎರಡು ಟರ್ಮಿನಲ್ಲಿನ ನಡುವೆ ಬಿದ್ದರೆ ಸಾವಿರಾರು ಆಂಪಿಯರ್ ಹರಿದು ಸ್ಪ್ಯಾನರೇ ಕೆಂಪಗೆ ಕಾಯುತ್ತದೆ. ಉಂಗುರ, ಗಡಿಯಾರ, ಕೈಬಳೆ, ಕತ್ತಿನ ಸರ ತೆಗೆದಿಡಿ. ಸ್ಪ್ಯಾನರಿನ ಹಿಡಿಗೆ ಇನ್ಸುಲೇಶನ್ ಟೇಪ್ ಸುತ್ತಿ. ಚಾರ್ಜ್ ಆಗುವಾಗ ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ, ಒಂದು ಕಿಡಿ ಸಾಕು ಸಿಡಿಯುವುದಕ್ಕೆ. ಹಾಗಾಗಿ ಚಾರ್ಜಿನಿಂದ ತೆಗೆದ ಕೂಡಲೇ ಟರ್ಮಿನಲ್ ಬಿಚ್ಚಬೇಡಿ, ಸೀಟು ಎತ್ತಿ ಗಾಳಿಯಾಡಲು ಬಿಡಿ. ಕಣ್ಣಿಗೆ ಕನ್ನಡಕ ಇರಲಿ, ಪಕ್ಕದಲ್ಲಿ ಒಂದು ಬಕೆಟ್ ನೀರು ಇರಲಿ.

ವೈರು ಬಿಚ್ಚುವ ಕೆಲಸವಿದ್ದರೆ ಕೀ ತೆಗೆದು, ಗಾಡಿಯಲ್ಲಿ ಟೋ-ರನ್ ಸ್ವಿಚ್ (ಗಾಡಿಯನ್ನು ಎಳೆದೊಯ್ಯುವಾಗ ಕಂಟ್ರೋಲರ್ ಬಂದ್ ಮಾಡುವ ಸ್ವಿಚ್ಚು) ಇದ್ದರೆ ಟೋಗೆ ಹಾಕಿ, ಸೆಟ್ಟಿನ ಮುಖ್ಯ ನೆಗೆಟಿವ್ ಮೊದಲು ಬಿಚ್ಚಿ. ಅಷ್ಟಾದರೂ ಕಂಟ್ರೋಲರಿನೊಳಗಿನ ಕೆಪಾಸಿಟರುಗಳಲ್ಲಿ ಚಾರ್ಜ್ ಉಳಿದಿರುತ್ತದೆ. ಅದರ ಪಾಸಿಟಿವ್ ನೆಗೆಟಿವ್ ನಡುವೆ ಒಂದು ಹಳೆಯ ಬಲ್ಬು ಅಥವಾ ರೆಸಿಸ್ಟರ್ ಹಿಡಿದು ಖಾಲಿ ಮಾಡಿ, ಆಮೇಲೆ ಮುಟ್ಟಿ. ಹಿಂದಿನ ಚಕ್ರ ಜಾಕ್ ಮೇಲೆ ಎತ್ತಿದ್ದರೆ ಪೆಡಲನ್ನು ಪೂರ್ತಿ ಒತ್ತಬೇಡಿ. ಸೀರೀಸ್ ಮೋಟರಿಗೆ ಲೋಡ್ ಇಲ್ಲದಿದ್ದರೆ ವೇಗಕ್ಕೆ ಮಿತಿಯಿಲ್ಲ. ಆಕ್ಸಲಿನಿಂದ ಬಿಚ್ಚಿದ ಮೋಟರಿಗೆ ಪೂರ್ತಿ ವೋಲ್ಟೇಜ್ ಕೊಟ್ಟರೆ ಅದು ತನ್ನನ್ನು ತಾನೇ ಹರಿದುಕೊಳ್ಳುವಷ್ಟು ವೇಗಕ್ಕೆ ಹೋಗುತ್ತದೆ.

ಮೊದಲು ಗಾಡಿ ತಳ್ಳಿ ನೋಡಿ

ಮೀಟರ್ ತೆಗೆಯುವ ಮೊದಲು ಸಮ ನೆಲದಲ್ಲಿ ನ್ಯೂಟ್ರಲ್ಲಿಗೆ ಹಾಕಿ ಕೈಯಲ್ಲಿ ತಳ್ಳಿ. ಒಬ್ಬರು ತಳ್ಳಿದರೆ ಸರಾಗವಾಗಿ ಉರುಳಬೇಕು. ಬಿಗಿಯಾಗಿದ್ದರೆ ಬ್ರೇಕ್ ಲೈನರ್ ಡ್ರಮ್ಮಿಗೆ ಉಜ್ಜುತ್ತಿದೆ, ಇಲ್ಲವೇ ಹ್ಯಾಂಡ್ ಬ್ರೇಕಿನ ಕೇಬಲ್ ತುಕ್ಕು ಹಿಡಿದು ಪೂರ್ತಿ ಬಿಡುತ್ತಿಲ್ಲ. ಒಂದಷ್ಟು ದೂರ ಓಡಿಸಿ ಬಂದು ನಾಲ್ಕೂ ಚಕ್ರದ ನಡುಭಾಗವನ್ನು ಕೈಯಿಂದ ಮುಟ್ಟಿ ನೋಡಿದರೆ ಯಾವುದು ಹಿಡಿದಿದೆ ಎಂದು ಬಿಸಿಯೇ ಹೇಳುತ್ತದೆ. ಟೈರಿನ ಗಾಳಿಯನ್ನೂ ಆಗಲೇ ನೋಡಿಬಿಡಿ. ಸಾಮಾನ್ಯ ಗಾಲ್ಫ್ ಗಾಡಿ ಟೈರಿಗೆ 20 ಪಿಎಸ್‌ಐ ಆಸುಪಾಸು ಬೇಕು. ಗಾಡಿಯ ಬಲ ಕುಂದಿಲ್ಲ, ಎಳೆಯುವ ಭಾರವೇ ಹೆಚ್ಚಾಗಿದೆ ಎನ್ನುವ ಪ್ರಕರಣಗಳು ಇಲ್ಲೇ ಮುಗಿದುಹೋಗುತ್ತವೆ.

ಬ್ಯಾಟರಿ: ನಿಂತಾಗ ಒಂದು, ಏರಿನಲ್ಲಿ ಇನ್ನೊಂದು

ರಾತ್ರಿಯೆಲ್ಲ ಚಾರ್ಜ್ ಮಾಡಿ, ಪ್ಲಗ್ ತೆಗೆದು, ನಾಲ್ಕಾರು ಗಂಟೆ ಸುಮ್ಮನೆ ಬಿಟ್ಟು ಅಳೆಯಿರಿ. ಚಾರ್ಜಿನಿಂದ ತೆಗೆದ ತಕ್ಷಣ ಸಿಗುವ ಹೆಚ್ಚಿನ ವೋಲ್ಟೇಜ್ ಮೇಲುಮೇಲಿನದು, ನಂಬಬಾರದು. ಪೂರ್ತಿ ತುಂಬಿದ 48 ವೋಲ್ಟಿನ ಸೆಟ್ಟು ವಿಶ್ರಾಂತಿಯಲ್ಲಿ 50.9 ವೋಲ್ಟ್ ಹತ್ತಿರ ಇರಬೇಕು, 36ರ ಸೆಟ್ಟು 38.2. ಆರು ವೋಲ್ಟಿನ ಒಂದೊಂದು ಬ್ಯಾಟರಿ 6.37, ಎಂಟು ವೋಲ್ಟಿನದು 8.49. ಅರ್ಧ ಖಾಲಿಯಾದಾಗ 48ರ ಸೆಟ್ಟು 48.4ಕ್ಕೆ ಬಂದಿರುತ್ತದೆ. ಅಂದರೆ ಮೀಟರಿನಲ್ಲಿ "48" ಎಂದು ಕಂಡು ಸಮಾಧಾನಪಟ್ಟುಕೊಂಡರೆ ನೀವು ನೋಡುತ್ತಿರುವುದು ಅರ್ಧಕ್ಕಿಂತ ಹೆಚ್ಚು ಬರಿದಾದ ಬ್ಯಾಟರಿಯನ್ನು.

ಒಟ್ಟು ಅಳೆದು ಸುಮ್ಮನಾಗಬೇಡಿ. ಪ್ರತಿ ಬ್ಯಾಟರಿಗೂ ಬಣ್ಣದಲ್ಲಿ ಒಂದು ನಂಬರು ಹಾಕಿ, ಒಂದೊಂದನ್ನೂ ಅಳೆದು ಬರೆದಿಡಿ. ಆಮೇಲೆ ಗಾಡಿಯನ್ನು ಏರಿಗೆ ಒಯ್ಯಿರಿ. ಒಬ್ಬರು ಓಡಿಸಲಿ, ಇನ್ನೊಬ್ಬರು ಮೀಟರ್ ಹಿಡಿಯಲಿ. ಸೀಟು ತೆಗೆದ ಗಾಡಿಯಲ್ಲಿ ಬ್ಯಾಟರಿಯ ಮೇಲೆ ಬಾಗಿ ಅಳೆಯುವುದು ಅಪಾಯ. ಮೀಟರಿನ ವೈರಿಗೆ ಮೊಸಳೆ ಕ್ಲಿಪ್ಪು ಹಾಕಿ, ಒಂದು ಬ್ಯಾಟರಿಗೆ ಸಿಕ್ಕಿಸಿ, ಏರು ಹತ್ತಿಸಿ, ಇಳಿದು ಬಂದು, ಮುಂದಿನದಕ್ಕೆ ಸಿಕ್ಕಿಸಿ. ನಿಧಾನದ ಕೆಲಸ, ಆದರೆ ಇಡೀ ಪರೀಕ್ಷೆಯ ಜೀವ ಇದರಲ್ಲೇ ಇದೆ. ಬ್ರೇಕ್ ಒತ್ತಿ ಹಿಡಿದು ಆಕ್ಸಲರೇಟರ್ ಕೊಟ್ಟು ಲೋಡ್ ತರಿಸುವವರಿದ್ದಾರೆ. ಅದನ್ನು ಮಾಡಲೇಬೇಡಿ. ತಿರುಗದೆ ನಿಂತ ಮೋಟರಿನಲ್ಲಿ ಕಮ್ಯುಟೇಟರಿನ (ಬ್ರಷ್ಷುಗಳು ಉಜ್ಜುವ ತಾಮ್ರದ ಪಟ್ಟಿಗಳ ಉರುಳೆ) ಒಂದೇ ಜಾಗದಲ್ಲಿ ಪೂರ್ತಿ ಕರೆಂಟು ಹರಿದು ಅಲ್ಲಿ ಸುಟ್ಟು ಕಲೆ ಬೀಳುತ್ತದೆ.

ಶ್ರೀರಂಗಪಟ್ಟಣದ ಕಡೆಯ ತೋಟವೊಂದರ ಗಾಡಿಯ ಲೆಕ್ಕ ಹೇಳುತ್ತೇನೆ. ಆರು ವೋಲ್ಟಿನ ಎಂಟು ಬ್ಯಾಟರಿಗಳು. ನಿಂತಾಗ ಒಟ್ಟು 50.2. ಏಳು ಬ್ಯಾಟರಿ 6.28 ತೋರಿಸುತ್ತಿದ್ದವು, ಒಂದು ಮಾತ್ರ 6.21. ಏಳು ಪಾಯಿಂಟಿನ ವ್ಯತ್ಯಾಸ ಯಾರ ಕಣ್ಣಿಗೂ ಬೀಳುವಂಥದ್ದಲ್ಲ. ತೋಟದ ಪಕ್ಕದಲ್ಲೇ ನಾಲೆ ಏರಿ ಇತ್ತು, ಗಾಡಿಯನ್ನು ಅದರ ಮೇಲಕ್ಕೆ ಹತ್ತಿಸಿದಾಗ ಒಟ್ಟು ವೋಲ್ಟೇಜ್ 43ಕ್ಕೆ ಕುಸಿಯಿತು. ಏಳು ಬ್ಯಾಟರಿ ತಲಾ 5.7ರಲ್ಲಿ ನಿಂತವು. ಆ ಒಂದು ಬ್ಯಾಟರಿ 3.1ಕ್ಕೆ ಇಳಿಯಿತು.

3.1 ಎಂಬ ಅಂಕಿಯನ್ನು ಸ್ವಲ್ಪ ಬಿಡಿಸಿ ನೋಡಬೇಕು. ಉಳಿದ ಬ್ಯಾಟರಿಗಳಲ್ಲಿ ಒಂದು ಸೆಲ್ಲಿಗೆ 1.9 ವೋಲ್ಟ್ ಬರುತ್ತಿದೆ. ಈ ಬ್ಯಾಟರಿಯಲ್ಲೂ ಎರಡು ಸೆಲ್ ಚೆನ್ನಾಗಿದ್ದರೆ ಅವೆರಡರಿಂದಲೇ 3.8 ಆಗಬೇಕು. ಒಟ್ಟು 3.1 ಮಾತ್ರ ಇದೆ ಎಂದರೆ ಮೂರನೇ ಸೆಲ್ ಏನೂ ಕೊಡುತ್ತಿಲ್ಲ, ಸಾಲದ್ದಕ್ಕೆ ಮೈನಸ್ 0.7ಕ್ಕೆ ತಿರುಗಿಕೊಂಡಿದೆ. ಸೀರೀಸಿನಲ್ಲಿ ಎಲ್ಲ ಸೆಲ್ಲಿನ ಮೂಲಕವೂ ಅದೇ ಕರೆಂಟು ಹರಿಯಬೇಕು. ಬೇಗ ಬರಿದಾದ ಸೆಲ್ಲಿನೊಳಗೂ ಉಳಿದವು ಕರೆಂಟನ್ನು ನೂಕುತ್ತವೆ, ಆಗ ಅದರ ಧ್ರುವವೇ ಉಲ್ಟಾ ಆಗುತ್ತದೆ. ನೊಗ ಹೊತ್ತ ಎತ್ತುಗಳಲ್ಲಿ ಒಂದು ಮಂಡಿಯೂರಿದರೆ ಇನ್ನೊಂದು ಗಾಡಿಯ ಜೊತೆ ಅದನ್ನೂ ಎಳೆಯಬೇಕಾದ ಹಾಗೆ, ಇಪ್ಪತ್ತಮೂರು ಸೆಲ್ ಸೇರಿ ಗಾಡಿಯನ್ನೂ ಎಳೆದು ಈ ಒಂದು ಸೆಲ್ಲಿನ ಭಾರವನ್ನೂ ಹೊರುತ್ತಿದ್ದವು.

ಆಸಿಡ್ಡಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಹಾಕಿದಾಗ ಅದು ಇನ್ನಷ್ಟು ಸ್ಪಷ್ಟವಾಯಿತು. ಎರಡು ಸೆಲ್ 1.255, 1.250. ಮೂರನೆಯದು 1.165. ಒಂದೇ ಬ್ಯಾಟರಿಯ ಸೆಲ್ಲುಗಳ ನಡುವೆ 0.050 ವ್ಯತ್ಯಾಸ ಬಂದರೆ ಅನುಮಾನ ಪಡಬೇಕು, ಇಲ್ಲಿ 0.090 ಇತ್ತು. ಹೈಡ್ರೋಮೀಟರ್ ನೂರಿನ್ನೂರು ರೂಪಾಯಿಗೆ ಬ್ಯಾಟರಿ ಅಂಗಡಿಯಲ್ಲಿ ಸಿಗುತ್ತದೆ. ಈ ಕೆಲಸಕ್ಕೆ ಅದಕ್ಕಿಂತ ಒಳ್ಳೆಯ ಉಪಕರಣವಿಲ್ಲ ಎಂದೇ ನನ್ನ ಅಭಿಪ್ರಾಯ, ಯಾಕೆಂದರೆ ಸೆಲ್ ಸೆಲ್ಲಿನ ಸುದ್ದಿಯನ್ನೂ ಹೇಳುವುದು ಅದೊಂದೇ. ಬೇಸಿಗೆಯಲ್ಲಿ ಓದಿಕೊಳ್ಳುವಾಗ ಬಿಸಿಯ ಲೆಕ್ಕ ಹಿಡಿಯಿರಿ: 27 ಡಿಗ್ರಿಗಿಂತ ಮೇಲೆ ಪ್ರತಿ ಡಿಗ್ರಿಗೆ 0.0007 ಕೂಡಿಸಬೇಕು. ಆಸಿಡ್ 37 ಡಿಗ್ರಿ ಇದ್ದರೆ 0.007 ಸೇರಿಸಿ. ಪೂರ್ತಿ ಚಾರ್ಜಿನ ಅಂಕಿ ಎಲ್ಲ ಬ್ಯಾಟರಿಗೂ ಒಂದೇ ಅಲ್ಲ. ಹೊರಗಿನಿಂದ ಬಂದ ಗಾಲ್ಫ್ ಬ್ಯಾಟರಿಗಳಿಗೆ 1.265ರಿಂದ 1.277, ನಮ್ಮ ಟ್ಯೂಬುಲರ್ ಬ್ಯಾಟರಿಗಳಿಗೆ ಸಾಮಾನ್ಯವಾಗಿ 1.240. ಬ್ಯಾಟರಿಯ ಮೈಮೇಲೆ ಬರೆದದ್ದನ್ನು ನೋಡಿ.

ಆ ಗಾಡಿಯಲ್ಲಿ ಅದೊಂದೇ ಬ್ಯಾಟರಿ ಯಾಕೆ ಹೋಯಿತು ಎನ್ನುವುದು ಮುಖ್ಯ. ಅದರ ಪೋಸ್ಟಿನಿಂದ ಒಂದು, ಪಕ್ಕದ ಬ್ಯಾಟರಿಯ ಪೋಸ್ಟಿನಿಂದ ಒಂದು, ಹೀಗೆ ಎರಡು ತೆಳು ವೈರು ಹೊರಟಿದ್ದವು. ಹಾರನ್ನು, ದೀಪ, ಹಾಡಿನ ಪೆಟ್ಟಿಗೆ, ಎಲ್ಲಕ್ಕೂ 12 ವೋಲ್ಟ್ ಬೇಕೆಂದು ಯಾರೋ ಎರಡು ಬ್ಯಾಟರಿಗಳಿಂದ ಮಾತ್ರ ಎಳೆದುಕೊಂಡಿದ್ದರು. ಮದುವೆ, ದಸರಾ ಅಂತ ಸಾಲು ದೀಪ ಕಟ್ಟಿದ ಗಾಡಿಗಳಲ್ಲಿ ಇದು ತೀರಾ ಸಾಮಾನ್ಯ. ಆ ಎರಡು ಬ್ಯಾಟರಿ ದಿನವೂ ಉಳಿದವಕ್ಕಿಂತ ಹೆಚ್ಚು ಖಾಲಿಯಾಗುತ್ತವೆ. ಚಾರ್ಜರ್ ಮಾತ್ರ ಎಂಟಕ್ಕೂ ಒಂದೇ ಕರೆಂಟು ಕೊಡುತ್ತದೆ, ಉಳಿದ ಆರು ತುಂಬಿದ ಕೂಡಲೇ ನಿಲ್ಲಿಸುತ್ತದೆ. ತಿಂಗಳುಗಟ್ಟಲೆ ಅರೆಹೊಟ್ಟೆಯಲ್ಲಿ ಉಳಿದ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತದೆ. ದೀಪಕ್ಕೆ 12 ವೋಲ್ಟ್ ಬೇಕಿದ್ದರೆ ಇಡೀ ಸೆಟ್ಟಿನಿಂದ ಎಳೆಯುವ ಡಿಸಿ ಕನ್ವರ್ಟರ್ ಹಾಕಿ. ಬೆಲೆಯೂ ಅಂಥದ್ದೇನಿಲ್ಲ.

ಹೊಸ ಬ್ಯಾಟರಿ ಒಂದನ್ನೇ ಹಾಕಬಹುದೇ ಎಂದು ಎಲ್ಲರೂ ಕೇಳುತ್ತಾರೆ. ಸೆಟ್ಟು ಒಂದು ವರ್ಷದೊಳಗಿನದಾದರೆ ಹಾಕಬಹುದು, ಅದೇ ಕಂಪನಿ, ಅದೇ ಆಂಪಿಯರ್-ಅವರ್ ಇರಬೇಕು. ನಾಲ್ಕೈದು ವರ್ಷದ ಸೆಟ್ಟಿಗೆ ಒಂದು ಹೊಸದು ಸೇರಿಸಿದರೆ ಆರು ತಿಂಗಳಲ್ಲಿ ಮುಂದಿನ ದುರ್ಬಲ ಬ್ಯಾಟರಿ ಮಲಗುತ್ತದೆ. ಹಾಗೆ ಒಂದೊಂದೇ ಬದಲಿಸುತ್ತಾ ಹೋದವರು ಕೊನೆಗೆ ಪೂರ್ತಿ ಸೆಟ್ಟಿನ ಬೆಲೆಗಿಂತ ಹೆಚ್ಚೇ ತೆತ್ತಿರುತ್ತಾರೆ. ಇನ್ನೊಂದು ಉಳಿತಾಯದ ಉಪಾಯವೆಂದರೆ ಮನೆಯ ಇನ್ವರ್ಟರಿಗೆ ಹಾಕುವ 12 ವೋಲ್ಟಿನ ಟ್ಯೂಬುಲರ್ ನಾಲ್ಕನ್ನು ಜೋಡಿಸುವುದು. ಗಾಡಿ ಓಡುತ್ತದೆ, ಸಮತಟ್ಟಿನಲ್ಲಿ ಚೆನ್ನಾಗಿಯೇ ಓಡುತ್ತದೆ. ಆದರೆ ಅವು ಹತ್ತಿಪ್ಪತ್ತು ಗಂಟೆ ನಿಧಾನವಾಗಿ ಕೊಡಲು ಕಟ್ಟಿದ ಬ್ಯಾಟರಿಗಳು. ಏರಿನಲ್ಲಿ 150, 200 ಆಂಪಿಯರ್ ಕೇಳಿದರೆ ವೋಲ್ಟೇಜ್ ಬಗ್ಗಿಬಿಡುತ್ತದೆ. ಕಾರಿನ ಬ್ಯಾಟರಿಯಂತೂ ಬೇಡವೇ ಬೇಡ. ಅದರ ತೆಳು ಪ್ಲೇಟುಗಳು ದಿನಾ ಆಳವಾಗಿ ಖಾಲಿಯಾಗುವುದನ್ನು ತಡೆಯುವುದಿಲ್ಲ.

ನೀರಿನ ವಿಷಯದಲ್ಲಿ ಮಂಡ್ಯದವರಿಗೆ ಒಂದು ಮಾತು ಒತ್ತಿ ಹೇಳಬೇಕು. ಬೋರ್‌ವೆಲ್ ನೀರಿನಲ್ಲಿ ಸುಣ್ಣ, ಕ್ಲೋರೈಡ್, ಕಬ್ಬಿಣ ಎಲ್ಲ ಇರುತ್ತವೆ, ಪ್ಲೇಟಿಗೆ ಅವು ವಿಷ. ಮನೆಯ ಫಿಲ್ಟರಿನ ಆರ್‌ಒ ನೀರೂ ಡಿಸ್ಟಿಲ್ಡ್ ವಾಟರ್ ಅಲ್ಲ. ಡಿಸ್ಟಿಲ್ಡ್ ವಾಟರನ್ನೇ ಹಾಕಿ, ಅದೂ ಚಾರ್ಜ್ ಮುಗಿದ ಮೇಲೆ. ಚಾರ್ಜಿಗೆ ಮೊದಲು ಪ್ಲೇಟು ಬರಿದಾಗಿ ಕಾಣುತ್ತಿದ್ದರೆ ಅದು ಮುಳುಗುವಷ್ಟು ಮಾತ್ರ ಹಾಕಿ ಚಾರ್ಜ್ ಮಾಡಿ, ಉಳಿದದ್ದು ಆಮೇಲೆ. ಮೊದಲೇ ತುಂಬಿಸಿದರೆ ಚಾರ್ಜ್ ಆಗುವಾಗ ಉಬ್ಬಿ ಆಸಿಡ್ ಹೊರಚೆಲ್ಲುತ್ತದೆ. "ಆಸಿಡ್ ಹಾಕಿದ್ರೆ ಪವರ್ ಬರ್ತದೆ" ಎಂಬ ಮಾತಿಗೆ ಕಿವಿಗೊಡಬೇಡಿ. ಹಳೆಯ ಬ್ಯಾಟರಿಗೆ ಹೊಸ ಆಸಿಡ್ ಹಾಕಿದರೆ ಹೈಡ್ರೋಮೀಟರಿನ ಅಂಕಿ ಏರುತ್ತದೆ, ಪ್ಲೇಟಿನ ಆಯಸ್ಸು ಇಳಿಯುತ್ತದೆ.

ಎಲ್ಲ ಬ್ಯಾಟರಿಯೂ ಸಮನಾಗಿ ಕಡಿಮೆ ತೋರಿಸುತ್ತಿದ್ದರೆ

ಆಗ ಮೊದಲ ಅನುಮಾನ ಬ್ಯಾಟರಿಯ ಮೇಲಲ್ಲ, ಚಾರ್ಜರಿನ ಮೇಲೆ. 48ರ ಸೆಟ್ಟು ಚಾರ್ಜಿನ ಕೊನೆಯಲ್ಲಿ, ಪ್ಲಗ್ ಇನ್ನೂ ಇರುವಾಗಲೇ, 58 ವೋಲ್ಟಿಗಿಂತ ಮೇಲೆ ಹೋಗಬೇಕು. 54, 55ರಲ್ಲೇ ನಿಂತುಬಿಟ್ಟರೆ ಬ್ಯಾಟರಿ ಎಂದೂ ತುಂಬುವುದಿಲ್ಲ. ಇದಕ್ಕೆ ಒಂದು ಕಾರಣ ನಮ್ಮಲ್ಲಿ ಬಹಳ ಜನರಿಗೆ ಹೊಳೆಯುವುದಿಲ್ಲ. ಅಮೆರಿಕದಿಂದ ಬಂದ ಹಳೆಯ ಗಾಡಿಗಳ ಜೊತೆಗಿರುವ ಭಾರದ, ಗುಂಯ್‌ಗುಡುವ ಟ್ರಾನ್ಸ್‌ಫಾರ್ಮರ್ ಚಾರ್ಜರುಗಳು ಫೆರೋರೆಸೊನೆಂಟ್ ಮಾದರಿಯವು. ಅದರೊಳಗೆ ಒಂದು ಕೆಪಾಸಿಟರ್ 60 ಹರ್ಟ್ಸಿಗೆ ಹೊಂದಿಸಿರುತ್ತದೆ. ನಮ್ಮ ಕರೆಂಟು 50 ಹರ್ಟ್ಸ್. ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ಹಾಕಿ 230ನ್ನು 110 ಮಾಡಿಕೊಂಡರೆ ವೋಲ್ಟೇಜ್ ಸರಿಹೋಯಿತು, ಆವರ್ತನ ಸರಿಹೋಗಲಿಲ್ಲ. ಆವರ್ತನ ಇಳಿದಂತೆ ಈ ಚಾರ್ಜರಿನ ಔಟ್‌ಪುಟ್ ವೋಲ್ಟೇಜೂ ಇಳಿಯುತ್ತದೆ. ಚಾರ್ಜರ್ ಬಿಸಿಯಾಗುತ್ತದೆ, ಸದ್ದು ಮಾಡುತ್ತದೆ, ರಾತ್ರಿಯಿಡೀ ಓಡುತ್ತದೆ, ಬೆಳಗ್ಗೆ ಬ್ಯಾಟರಿ ಮುಕ್ಕಾಲೂ ತುಂಬಿರುವುದಿಲ್ಲ. ರಿಪೇರಿ ಮಾಡಿಸುವ ಬದಲು ಇಲ್ಲಿನ ಕರೆಂಟಿಗೆ ಮಾಡಿದ ಎಲೆಕ್ಟ್ರಾನಿಕ್ ಚಾರ್ಜರ್ ಕೊಳ್ಳುವುದೇ ಸರಿ.

ಪಂಪ್‌ಸೆಟ್ಟುಗಳು ಓಡುವ ಹೊತ್ತಿನಲ್ಲಿ ಹಳ್ಳಿಯ ಲೈನಿನಲ್ಲಿ ವೋಲ್ಟೇಜ್ ಕುಸಿದರೂ ಹಳೆಯ ಚಾರ್ಜರ್ ಸೋಲುತ್ತದೆ. ಚಾರ್ಜ್ ಆಗುತ್ತಿರುವಾಗಲೇ ಗೋಡೆಯ ಸಾಕೆಟ್ಟಿನ ವೋಲ್ಟೇಜ್ ಅಳೆದು ನೋಡಿ.

ಕೇಬಲ್ಲು ಮತ್ತು ಲಗ್ಗು

ಬ್ಯಾಟರಿಗಳೆಲ್ಲ ಏರಿನಲ್ಲೂ ಸಮನಾಗಿ ನಿಂತವು ಅನ್ನಿ. ಆದರೂ ಗಾಡಿ ಸೊರಗುತ್ತಿದೆ. ಮುಂದಿನ ಸರದಿ ಕೇಬಲ್ಲುಗಳದು. ಇಲ್ಲಿ ಕಣ್ಣಿಗಿಂತ ಮೀಟರನ್ನು ನಂಬಿ. ಹೊರಗೆ ಫಳಫಳ ಹೊಳೆಯುವ ಲಗ್ಗಿನೊಳಗೆ (ಕೇಬಲ್ಲಿನ ತುದಿಗೆ ಒತ್ತಿ ಕೂರಿಸಿದ ಲೋಹದ ಕಿವಿ) ತಾಮ್ರದ ಎಳೆಗಳು ಹಸಿರು ಪುಡಿಯಾಗಿರುವುದನ್ನು ಎಷ್ಟೋ ಗಾಡಿಯಲ್ಲಿ ಕಂಡಿದ್ದೇನೆ.

ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಸೀಸದ ಪೋಸ್ಟಿನ ಮೇಲೇ ಇಡಿ, ಬೋಲ್ಟಿನ ಮೇಲಲ್ಲ. ಇನ್ನೊಂದನ್ನು ಅದೇ ಕೇಬಲ್ಲಿನ ಆಚೆ ತುದಿ ಸೇರುವ ಪೋಸ್ಟಿನ ಮೇಲೆ. ಈಗ ಏರು ಹತ್ತಿಸಿ. ಆರೋಗ್ಯವಾದ ಕೇಬಲ್ಲಿನಲ್ಲಿ ಇಲ್ಲಿ ಕಾಣುವುದು ಕೆಲವೇ ನೂರನೇ ಭಾಗ ವೋಲ್ಟ್. 25 ಚದರ ಮಿಲಿಮೀಟರಿನ ತಾಮ್ರ, ಒಂದಡಿ ಉದ್ದ, 150 ಆಂಪಿಯರ್ ಎಂದರೆ ಲೆಕ್ಕದಲ್ಲಿ ಬರುವುದು 0.03 ವೋಲ್ಟ್. ಎರಡು ಕೊನೆಯ ಜೋಡಣೆ ಸೇರಿ 0.1 ಆದರೂ ಒಪ್ಪಬಹುದು. 0.2 ದಾಟಿದರೆ ಬಿಚ್ಚಿ ನೋಡಿ. ಒಂದು ಗಾಡಿಯ ಮುಖ್ಯ ನೆಗೆಟಿವ್ ಲಗ್ಗಿನಲ್ಲಿ 120 ಆಂಪಿಯರ್ ಹರಿಯುವಾಗ 0.9 ವೋಲ್ಟ್ ಇತ್ತು. ಮುಕ್ಕಾಲು ವೋಲ್ಟು ಒಂದು ವೋಲ್ಟು ಹೋದರೆ ಏನಂತೆ ಎನಿಸಬಹುದು. ಗುಣಿಸಿ ನೋಡಿ: 108 ವಾಟ್ ಬಿಸಿ, ಹೆಬ್ಬೆರಳು ಗಾತ್ರದ ಜಾಗದಲ್ಲಿ. ಮಳೆಗಾಲದಲ್ಲಿ ಹೊರಗೆ ನಿಲ್ಲಿಸುವ ಗಾಡಿಯಲ್ಲಿ ಇಂಥ ಮೂರ್ನಾಲ್ಕು ಜಾಗ ಸೇರಿದರೆ ಏರು ಹತ್ತುವ ಬಲದ ಒಂದು ಪಾಲು ಲಗ್ಗು ಕಾಯಿಸುವುದರಲ್ಲೇ ಕಳೆಯುತ್ತದೆ. ಸೀಸದ ಪೋಸ್ಟು ಕರಗಿ ಬೋಲ್ಟು ಕಿತ್ತು ಬರುವುದೂ ಹೀಗೆಯೇ.

ಬಿಳಿ, ಹಸಿರು ಪುಡಿ ಕಟ್ಟಿದ್ದರೆ ನೀರಿನ ಮುಚ್ಚಳಗಳನ್ನೆಲ್ಲ ಬಿಗಿಯಾಗಿ ಹಾಕಿ, ಅಡುಗೆ ಸೋಡಾ ಕಲಸಿದ ನೀರಿನಿಂದ ತೊಳೆಯಿರಿ. ಸೋಡಾ ಒಂದು ತೊಟ್ಟೂ ಸೆಲ್ಲಿನೊಳಗೆ ಹೋಗಬಾರದು. ಆಮೇಲೆ ಬರೀ ನೀರಿನಿಂದ ತೊಳೆದು, ಒಣಗಿಸಿ, ತಂತಿ ಬ್ರಷ್ಷಿನಿಂದ ಸೀಸ ಹೊಳೆಯುವವರೆಗೆ ಉಜ್ಜಿ. ಮೊದಲು ಬಿಗಿ ಮಾಡಿ, ವ್ಯಾಸಲಿನ್ ಆಮೇಲೆ ಸವರಿ. ಮೊದಲೇ ಸವರಿ ಬಿಗಿ ಮಾಡಿದರೆ ನಡುವೆ ಜಿಡ್ಡು ಉಳಿಯುತ್ತದೆ.

ಹೊಸ ಕೇಬಲ್ಲಿಗೆ ವೆಲ್ಡಿಂಗ್ ಕೇಬಲ್ ಒಳ್ಳೆಯ ಆಯ್ಕೆ, ಎಳೆ ಸಣ್ಣವು, ಬಗ್ಗುತ್ತದೆ. ಆದರೆ ಅಂಗಡಿಯಲ್ಲಿ ಅಲ್ಯುಮಿನಿಯಂ ವೆಲ್ಡಿಂಗ್ ಕೇಬಲ್ಲೂ ಇರುತ್ತದೆ, ಅಗ್ಗವೆಂದು ಅದನ್ನೇ ಕೊಡುತ್ತಾರೆ. ತುದಿ ಸುಲಿದು ತಾಮ್ರವೇ ಎಂದು ನೋಡಿ ತನ್ನಿ. ಲಗ್ಗನ್ನು ಸುತ್ತಿಗೆಯಲ್ಲಿ ಬಡಿದು ಕೂರಿಸಬೇಡಿ, ಹೈಡ್ರಾಲಿಕ್ ಕ್ರಿಂಪಿಂಗ್ ಇರುವ ಕಡೆ ಒತ್ತಿಸಿ.

ಸೊಲೆನಾಯ್ಡ್

ಪೆಡಲ್ ಒತ್ತಿದಾಗ "ಟಕ್" ಎಂಬ ಸದ್ದು ಬಂದರೆ ಸೊಲೆನಾಯ್ಡ್ ಸರಿ ಇದೆ ಎಂದುಕೊಳ್ಳುತ್ತಾರೆ. ಆ ಸದ್ದು ಹೇಳುವುದು ಕಾಯಿಲ್ ಎಳೆಯುತ್ತಿದೆ ಎಂದಷ್ಟೇ. ಒಳಗಿನ ತಾಮ್ರದ ಮುಖಗಳು ಸುಟ್ಟು ಕುಳಿ ಬಿದ್ದಿದ್ದರೂ ಅದೇ ಸದ್ದು ಬರುತ್ತದೆ. ಎರಡು ದೊಡ್ಡ ಸ್ಟಡ್ಡುಗಳ ನಡುವೆ ಮೀಟರ್ ಸಿಕ್ಕಿಸಿ ಏರು ಹತ್ತಿಸಿ. ಸೊನ್ನೆಯ ಹತ್ತಿರವೇ ಇರಬೇಕು. 0.3 ವೋಲ್ಟ್ ಮೀರಿದರೆ ಸೊಲೆನಾಯ್ಡ್ ಬದಲಿಸಿ. ಕಾಯಿಲ್ಲಿನ ವೋಲ್ಟೇಜ್ ಗಾಡಿಯ ವೋಲ್ಟೇಜಿಗೆ ಹೊಂದುವಂಥದ್ದನ್ನೇ ತನ್ನಿ.

ದೊಡ್ಡ ಸ್ಟಡ್ಡುಗಳ ನಡುವೆ ಒಂದು ರೆಸಿಸ್ಟರ್ ಕೂತಿರುತ್ತದೆ. ಅದನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಸೊಲೆನಾಯ್ಡ್ ಮುಚ್ಚುವ ಮೊದಲೇ ಕಂಟ್ರೋಲರಿನ ಕೆಪಾಸಿಟರುಗಳನ್ನು ನಿಧಾನವಾಗಿ ತುಂಬಿಸಿಡುವುದು ಅದರ ಕೆಲಸ. ಅದು ತೆರೆದುಹೋದರೆ ಪ್ರತಿ ಸಲ ಪೆಡಲ್ ಒತ್ತಿದಾಗಲೂ ದೊಡ್ಡ ಕಿಡಿ ಹಾರಿ ಮುಖಗಳು ಸುಡುತ್ತವೆ. ಹೊಸ ಸೊಲೆನಾಯ್ಡ್ ಹಾಕಿ ಹಳೆಯ ರೆಸಿಸ್ಟರ್ ಬಿಟ್ಟರೆ ಅದೂ ಅದೇ ದಾರಿ ಹಿಡಿಯುತ್ತದೆ.

ಪೆಡಲ್, ಹಿಂದೆ-ಮುಂದೆ ಸ್ವಿಚ್ಚು, ಕಂಟ್ರೋಲರ್

ಪೆಡಲಿಗೆ ಜೋಡಿಸಿದ ಪೊಟೆನ್ಶಿಯೋಮೀಟರ್ (ಪೆಡಲ್ ಒತ್ತಿದಂತೆ ಓಮ್ ಬದಲಾಗುವ ರೆಸಿಸ್ಟರ್) ಪೆಟ್ಟಿಗೆಯಿಂದ ಕಂಟ್ರೋಲರಿಗೆ ಹೋಗುವ ಎರಡು ವೈರು ಬಿಚ್ಚಿ ಓಮ್ಸಿನಲ್ಲಿ ಅಳೆಯಿರಿ. ಬಹಳಷ್ಟು ಹಳೆಯ ಗಾಡಿಗಳಲ್ಲಿ ಪೆಡಲ್ ಬಿಟ್ಟಾಗ ಸೊನ್ನೆಯ ಹತ್ತಿರ, ಪೂರ್ತಿ ಒತ್ತಿದಾಗ 5,000 ಓಮ್ ಹತ್ತಿರ ಬರಬೇಕು. ಕೆಲವು ಗಾಡಿಗಳಲ್ಲಿ ಇದು ತಿರುಗುಮುರುಗು. ಪೂರ್ತಿ ಒತ್ತಿದರೂ 3,500ರಲ್ಲೇ ನಿಂತರೆ ಕಂಟ್ರೋಲರಿಗೆ ಚಾಲಕ ಪೂರ್ತಿ ಒತ್ತಿದ್ದಾನೆಂಬ ಸುದ್ದಿಯೇ ಮುಟ್ಟಿಲ್ಲ. ಕೆಳಗಿನ ಮ್ಯಾಟು ಮಡಚಿ ಪೆಡಲಿಗೆ ಅಡ್ಡ ಬಂದಿರುವುದು, ಕೊಂಡಿ ಸವೆದಿರುವುದು, ಕೇಬಲ್ ಜಗ್ಗಿರುವುದು, ಇವೇ ಕಾರಣ. ಒತ್ತುತ್ತಾ ಹೋದಂತೆ ಅಂಕಿ ಸರಾಗವಾಗಿ ಏರಬೇಕು, ನಡುವೆ ಜಿಗಿದರೆ ಗಾಡಿಯೂ ಅಲ್ಲೇ ಜಗ್ಗುತ್ತದೆ. ಇನ್ನೂ ಹಳೆಯ ಗಾಡಿಗಳಲ್ಲಿ ಕಂಟ್ರೋಲರೇ ಇರುವುದಿಲ್ಲ, ರೆಸಿಸ್ಟರ್ ಸುರುಳಿಗಳ ಮೇಲೆ ತಾಮ್ರದ ತೋಳೊಂದು ಹಂತ ಹಂತವಾಗಿ ಸರಿಯುತ್ತದೆ. ಅಲ್ಲಿ ಒಂದು ಹಂತದ ವೇಗ ಮಾತ್ರ ಸತ್ತಿದ್ದರೆ ಆ ಸುರುಳಿ ತುಂಡಾಗಿದೆ, ಕಣ್ಣಿಗೇ ಕಾಣುತ್ತದೆ.

ಹಿಂದೆ-ಮುಂದೆ ಸ್ವಿಚ್ಚಿನ ತಾಮ್ರದ ಮುಖಗಳೂ ಸುಡುತ್ತವೆ. ಗಾಡಿ ಪೂರ್ತಿ ನಿಲ್ಲುವ ಮೊದಲೇ ರಿವರ್ಸಿಗೆ ಎಳೆಯುವ ಚಾಲಕರಿದ್ದರೆ ಇನ್ನೂ ಬೇಗ. ರಿವರ್ಸಿನಲ್ಲಿ ಅರ್ಧ ವೇಗ ಇಡುವ ಸಣ್ಣ ಸ್ವಿಚ್ಚು ಇರುವ ಗಾಡಿಯಲ್ಲಿ ಅದು ಅಂಟಿಕೊಂಡರೆ ಮುಂದಕ್ಕೂ ಅರ್ಧ ವೇಗವೇ ಸಿಗುತ್ತದೆ.

ಇಷ್ಟೆಲ್ಲ ಸರಿಯಿದ್ದ ಮೇಲೆ ಕಂಟ್ರೋಲರ್. ಪೆಡಲ್ ಪೂರ್ತಿ ಒತ್ತಿ ಏರು ಹತ್ತುವಾಗ ಕಂಟ್ರೋಲರಿನ ಬ್ಯಾಟರಿ ಪಾಸಿಟಿವ್ ಮತ್ತು ಮೋಟರಿನ ಕಡೆಯ ಟರ್ಮಿನಲ್ ನಡುವೆ ಅಳೆಯಿರಿ. ಬ್ಯಾಟರಿಯಿಂದ ಬರುತ್ತಿರುವಷ್ಟೇ ವೋಲ್ಟೇಜ್ ಮೋಟರಿಗೂ ಸಿಗುತ್ತಿರಬೇಕು. ಒಳಗೆ 45 ಬಂದು ಹೊರಗೆ 25 ಹೋಗುತ್ತಿದೆ, ಪೆಡಲಿನ ಓಮ್ಸ್ ಸರಿಯಿದೆ ಎಂದರೆ ಮಾತ್ರ ಅದರ ಮೇಲೆ ಬೊಟ್ಟು ಮಾಡಿ. ಅದಕ್ಕೂ ಮೊದಲು ಕೈಯಿಟ್ಟು ನೋಡಿ. ಬಹಳ ಬಿಸಿಯಾದರೆ, ಅಥವಾ ವೋಲ್ಟೇಜ್ ಕುಸಿದರೆ ಕಂಟ್ರೋಲರ್ ತನ್ನನ್ನು ಉಳಿಸಿಕೊಳ್ಳಲು ತಾನೇ ಕರೆಂಟು ಕಡಿಮೆ ಮಾಡುತ್ತದೆ. ಅದು ದೋಷವಲ್ಲ. ಬೆಳಗ್ಗೆ ಹತ್ತಿದ ಏರನ್ನು ಮಧ್ಯಾಹ್ನ ಹತ್ತಲಾರದ ಗಾಡಿಯಲ್ಲಿ ಕಂಟ್ರೋಲರಿನ ಬೆನ್ನಿಗೆ ಮೆತ್ತಿದ ಕೆಸರು ತೊಳೆದದ್ದಷ್ಟೇ ರಿಪೇರಿಯಾದದ್ದಿದೆ.

ಮೋಟರ್

ಕೊನೆಗೆ ಮೋಟರ್. ಬ್ರಷ್ಷಿನ ಪಟ್ಟಿ ಬಿಚ್ಚಿ ಟಾರ್ಚ್ ಹಾಕಿ. ಕಮ್ಯುಟೇಟರ್ ನಸುಗಂದು ಬಣ್ಣದಲ್ಲಿ ಹೊಳೆಯುತ್ತಿದ್ದರೆ ಒಳ್ಳೆಯದು, ಅದನ್ನು ಉಜ್ಜಿ ತೆಗೆಯಬೇಡಿ. ಒಂದೆರಡು ಪಟ್ಟಿ ಮಾತ್ರ ಕಪ್ಪಾಗಿ ಸುಟ್ಟಿದ್ದರೆ ಆರ್ಮೇಚರಿನ (ಮೋಟರಿನ ತಿರುಗುವ ಭಾಗ) ಒಂದು ಸುತ್ತು ಬಿಟ್ಟಿರಬಹುದು. ಬ್ರಷ್ಷು ಅರ್ಧಕ್ಕಿಂತ ಸವೆದಿದ್ದರೆ ನಾಲ್ಕನ್ನೂ ಒಟ್ಟಿಗೆ ಬದಲಿಸಿ, ಸ್ಪ್ರಿಂಗಿನ ಒತ್ತಡವನ್ನೂ ನೋಡಿ. ವೈರುಗಳನ್ನೆಲ್ಲ ಬಿಚ್ಚಿ ಎ1, ಎ2 (ಆರ್ಮೇಚರಿನವು), ಎಸ್1, ಎಸ್2 (ಹೊರಗಿನ ಫೀಲ್ಡ್ ಸುರುಳಿಯವು) ಟರ್ಮಿನಲ್ಲುಗಳಿಂದ ಮೋಟರಿನ ಮೈಗೆ ಅಳೆದರೆ ಯಾವುದೂ ಕೂಡಿರಬಾರದು.

ಮೈಸೂರು, ಮಂಡ್ಯದಲ್ಲಿ ರಿವೈಂಡಿಂಗ್ ಮಾಡುವವರಿಗೆ ಬರವಿಲ್ಲ. ಆದರೆ ಅವರ ಕೈ ಪಳಗಿರುವುದು ಪಂಪ್‌ಸೆಟ್ಟಿನ ಎಸಿ ಮೋಟರಿನ ಮೇಲೆ. ಡಿಸಿ ಆರ್ಮೇಚರ್ ಬೇರೆಯೇ ಕೆಲಸ. ಲಾರಿ ಸ್ಟಾರ್ಟರ್, ಫೋರ್ಕ್‌ಲಿಫ್ಟ್ ಮೋಟರ್ ಮಾಡಿ ಗೊತ್ತಿರುವವರನ್ನು ಕೈಗಾರಿಕಾ ಪ್ರದೇಶದ ಕಡೆ ವಿಚಾರಿಸಿ. ಕಮ್ಯುಟೇಟರನ್ನು ಲೇತಿಗೆ ಹಾಕಿದ ಮೇಲೆ ಪಟ್ಟಿಗಳ ನಡುವಿನ ಮೈಕಾವನ್ನು ತಗ್ಗಿಸಿ ಕೊರೆಯುತ್ತೀರಾ ಎಂದು ಕೇಳಿ. "ಅದೆಲ್ಲ ಬೇಕಾಗಲ್ಲ ಸಾರ್" ಎಂದರೆ ಮೋಟರನ್ನು ವಾಪಸ್ ತನ್ನಿ. ಮೈಕಾ ಎತ್ತರಕ್ಕೆ ನಿಂತರೆ ಬ್ರಷ್ಷು ಕುಣಿದು ಕಿಡಿ ಹಾರುತ್ತದೆ, ಹೊಸ ಕಮ್ಯುಟೇಟರ್ ಬೇಗನೆ ಕಪ್ಪಾಗುತ್ತದೆ.

ರಿಪೇರಿ ಯಾವುದೇ ಆಗಿರಲಿ, ಮುಗಿದ ಮೇಲೆ ಅದೇ ಏರಿಗೆ, ಅಷ್ಟೇ ಜನರನ್ನು ಕೂರಿಸಿಕೊಂಡು ಒಯ್ದು ಮತ್ತೊಮ್ಮೆ ಅಳೆಯಿರಿ. ಬ್ಯಾಟರಿ ನಂಬರು, ನಿಂತಾಗಿನ ವೋಲ್ಟ್, ಏರಿನಲ್ಲಿನ ವೋಲ್ಟ್, ತಾರೀಕು, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಪ್ಲಾಸ್ಟಿಕ್ಕಿನಲ್ಲಿ ಹಾಕಿ ಸೀಟಿನ ಕೆಳಭಾಗಕ್ಕೆ ಅಂಟಿಸಿ. ಮುಂದಿನ ಸಲ ಸೀಟು ಎತ್ತುವವರು ನೀವೇ ಆಗಿರಬೇಕೆಂದಿಲ್ಲ.